ನಾಲ್ಕು ಮೂಲೆಗೆ ಅರಿಶಿನ

ನನ್ನ ಗಂಡನ ಕೈಗೆ ಸೌಟು ಬೇಕಾದರೆ ಕೊಡಿ, ಪೆನ್ನು ಮಾತ್ರ ಕೊಡಬೇಡಿ. ಸೌಟು ಕೊಟ್ಟರೆ ಹೆಚ್ಚೆಂದರೆ ಸಾರು ಚೆಲ್ಲುತ್ತದೆ. ಪೆನ್ನು ಕೊಟ್ಟರೆ ಏನಾಗುತ್ತದೆ ಎಂಬುದನ್ನು ಆಸ್ಟಿನ್ನಿನಲ್ಲಿ ಒಂದು ಸಂಕ್ರಾಂತಿಯ ಭಾನುವಾರ ಕಣ್ಣಾರೆ ಕಂಡವಳು ನಾನು.

ಅದು ಎಪ್ಪತ್ತನಾಲ್ಕನೆಯ ಇಸವಿ. ಗಂಡನ ಹೆಸರು ಹಾಲಪ್ಪ. ಟೆಕ್ಸಸ್ ಸರ್ಕಾರದ ರಸ್ತೆ ಇಲಾಖೆಯಲ್ಲಿ ಇಂಜಿನಿಯರು, ರಸ್ತೆ ಹಾಕುವ ಮುಂಚೆ ಮಣ್ಣು ಪರೀಕ್ಷೆ ಮಾಡುವ ಕೆಲಸ. ನಾನು ವಸಂತಾ. ಯೂನಿವರ್ಸಿಟಿಯ ಹಿಂದಿನ ಬೀದಿಯಲ್ಲಿ, ಮೊದಲು ಕ್ಷೌರದಂಗಡಿಯಾಗಿದ್ದ ಒಂದು ಕೋಣೆ ಹಿಡಿದು, ಆರು ಮೇಜು ಹಾಕಿ, ‘ಮೈಸೂರು ಕಿಚನ್’ ಅಂತ ಬೋರ್ಡು ಬರೆಸಿ ಹೋಟೆಲು ತೆಗೆದಿದ್ದೆ. ಇಡ್ಲಿ, ದೋಸೆ, ಅನ್ನ, ಸಾರು, ಒಂದು ಪಲ್ಯ, ಇಷ್ಟೇ. ಪಕ್ಕದಲ್ಲಿ ಡಾರತಿ ಎಂಬ ಹೆಂಗಸಿನ ಲಾಂಡ್ರಿ. ಜನ ತಾವೇ ಬಂದು ಯಂತ್ರಕ್ಕೆ ಬಟ್ಟೆ ಹಾಕಿ, ಒಣಗುವವರೆಗೆ ಕಾದು ಕೂತು ಹೋಗುವಂಥದ್ದು. ಅವಳಲ್ಲಿ ಸದಾ ಜನ. ನನ್ನಲ್ಲಿ ಶನಿವಾರ ಬರುವ ನಾಲ್ವರು ಕನ್ನಡದ ವಿದ್ಯಾರ್ಥಿಗಳನ್ನು ಬಿಟ್ಟರೆ ನೊಣವೂ ಇಲ್ಲ.

ಈ ಹೋಟೆಲು ನನಗೆ ಯಾಕೆ ಬೇಕಾಗಿತ್ತು ಎಂದು ಹೇಳಿಬಿಡುತ್ತೇನೆ. ಹಾಲಪ್ಪ ಹಾವೇರಿಯ ಲಿಂಗಾಯತರ ಮನೆಯವರು, ನಾನು ಮೈಸೂರಿನ ಬ್ರಾಹ್ಮಣರ ಹುಡುಗಿ. ನಮ್ಮ ಮದುವೆ ನಮ್ಮಿಬ್ಬರಿಗೆ ಬಿಟ್ಟು ಭೂಮಿಯ ಮೇಲೆ ಇನ್ನಾರಿಗೂ ಬೇಕಾಗಿರಲಿಲ್ಲ. ಮದುವೆಯಾಗಿ ತವರಿಗೆ ಹೋದರೆ ಅಮ್ಮ ನನ್ನನ್ನು ಹಜಾರದಲ್ಲಿ ಕೂರಿಸಿ ಕಾಫಿ ತಂದುಕೊಟ್ಟಳು. ನಾನು ಲೋಟ ತೊಳೆದಿಡಲು ಎದ್ದರೆ ಅಡುಗೆಮನೆಯ ಹೊಸ್ತಿಲಿಗೆ ಅಡ್ಡ ನಿಂತಳು. ಹಾವೇರಿಗೆ ಹೋದರೆ ಅತ್ತೆಯೂ ಥೇಟ್ ಹಾಗೇ ನಿಂತರು. ಜಾತಿ ಬೇರೆಯಾದರೂ ಅಡ್ಡ ನಿಲ್ಲುವುದರಲ್ಲಿ ಬೀಗಿತ್ತಿಯರಿಬ್ಬರೂ ಒಂದೇ. ಆವತ್ತಿನಿಂದ ನನ್ನ ಹೊಟ್ಟೆಯೊಳಗೊಂದು ಉರಿ ಇತ್ತು. ನನ್ನದೇ ಒಂದು ಅಡುಗೆಮನೆ ಬೇಕು, ಯಾರು ಬಂದರೂ ‘ಒಳಗೆ ಬನ್ನಿ’ ಎನ್ನುವಂಥದ್ದು ಬೇಕು ಎಂದುಕೊಂಡಿದ್ದೆ. ಅಂಥದ್ದು ಇಲ್ಲಿ ಸಿಕ್ಕಿತ್ತು. ಬರುವವರೇ ಇರಲಿಲ್ಲ.

ಅಷ್ಟರಲ್ಲಿ ಡಲ್ಲಾಸಿನ ಒಂದು ಕಂಪನಿಯಿಂದ ಹಾಲಪ್ಪನವರಿಗೆ ಕರೆ ಬಂತು. ದೊಡ್ಡ ಕೆಲಸ. ಜನವರಿ ಮುಗಿಯುವುದರೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ನಮ್ಮಲ್ಲಿ ಮಾತಾಯಿತು. ಅಷ್ಟರೊಳಗೆ ಹೋಟೆಲು ತನ್ನ ಕಾಲ ಮೇಲೆ ನಿಂತರೆ ಇಲ್ಲೇ ಇರುವುದು, ಇಲ್ಲದಿದ್ದರೆ ಬೀಗ ಹಾಕಿ ಡಲ್ಲಾಸಿಗೆ ಶಿಫ್ಟ್ ಆಗುವುದು. ಡಲ್ಲಾಸಿನಲ್ಲಿ ನನಗೇನಿತ್ತು? ಇನ್ನೊಂದು ಅಪಾರ್ಟ್‌ಮೆಂಟು, ಹೊರಗೆ ನೋಡುತ್ತ ಕೂರಲು ಇನ್ನೊಂದು ಕಿಟಕಿ.

ಡಾರತಿಯೇ ಉಪಾಯ ಹೇಳಿದಳು. “ನೀನು ಅಡುಗೆ ಮಾಡ್ತೀಯ ಅಂತ ಜನಕ್ಕೆ ಹೇಗೆ ಗೊತ್ತಾಗಬೇಕು? ಒಂದು ಕಾರ್ಡು ಪ್ರಿಂಟ್ ಮಾಡಿಸು. ನನ್ನ ಗಿರಾಕಿಗಳ ಬಟ್ಟೆ ಚೀಲಕ್ಕೆಲ್ಲ ಒಂದೊಂದು ನಾನೇ ಹಾಕ್ತೀನಿ.” ಅವಳ ಲಾಂಡ್ರಿಯ ಗಾಜಿನ ಮೇಲೆ ಅವಳೇ ಬರೆದದ್ದು ಇಷ್ಟು: ‘ನೀರು ಬಿಸಿ ಇದೆ. ಯಂತ್ರ ಕೆಟ್ಟಿಲ್ಲ.’ ನನಗೆ ಅದು ಬಹಳ ಹಿಡಿಸಿತ್ತು.

ಆದರೆ ಬರೆಯುವ ಮಾತು ಬಂದ ತಕ್ಷಣ ಹಾಲಪ್ಪನವರು ಎದೆಯುಬ್ಬಿಸಿ ನಿಂತರು. ನಮ್ಮ ಮಾವನವರದು ಹಾವೇರಿಯಲ್ಲಿ ಪ್ರಿಂಟಿಂಗ್ ಪ್ರೆಸ್ಸು. ಊರಿನ ಮದುವೆ ಪತ್ರಿಕೆ ಹೊಡೆದೇ ಸಂಸಾರ ಸಾಗಿಸಿದವರು. ಹಾಗಾಗಿ ಅಚ್ಚಿನ ವಿಷಯದಲ್ಲಿ ತಮಗೆ ತಿಳಿದಷ್ಟು ಬ್ರಹ್ಮನಿಗೂ ತಿಳಿದಿಲ್ಲ ಎಂದು ಇವರ ನಂಬಿಕೆ.

“ಏನ್ ಬರೀಬೇಕು ಗೊತ್ತಾ?” ಎಂದೆ. “ಇಡ್ಲಿ, ದೋಸೆ, ಬಿಸಿ ಸಾರು ಸಿಗುತ್ತೆ. ಎಲ್ಲಿ, ಎಷ್ಟು ಹೊತ್ತಿಗೆ. ಅಷ್ಟೇರಿ.”

“ಅದು ಕಿರಾಣಿ ಚೀಟಿ ಆಗ್ತೈತಿ ವಸಂತಾ. ಮಂದೀನ್ನ ಹಂಗ ಕರೀತಾರೇನು? ಮರ್ಯಾದಿಯಿಂದ ಕರೀಬೇಕು.”

“ಸಾರು ಚೆನ್ನಾಗಿರುತ್ತೆ ಅಂತಾದ್ರೂ ಬರೀರಿ.”

“ನಮ್ಮ ಸಾರು ನಾವ ಹೊಗಳಿಕೊಂಡ್ರ ನಾಚಿಗ್ಗೇಡು. ಉಂಡವರು ಹೇಳಬೇಕು.”

“ಉಣ್ಣೋಕೆ ಬಂದ್ರೆ ತಾನೇ ಹೇಳೋದು!”

ಕೋಣನ ಮುಂದೆ ಕಿನ್ನರಿ. ಮೊದಲ ಕರಡನ್ನು ಎರಡು ಪುಟ ಬರೆದು ತಂದರು. ಸಿಂಧೂ ಕಣಿವೆಯಿಂದ ಶುರು. ಎರಡನೆಯ ಪುಟದ ಕೊನೆಗೂ ಇಡ್ಲಿ ಬಂದಿರಲಿಲ್ಲ, ಋಷಿಮುನಿಗಳು ಇನ್ನೂ ಕಾಡಿನಲ್ಲಿ ಗೆಡ್ಡೆಗೆಣಸು ತಿನ್ನುತ್ತಿದ್ದರು. ನಾನು ಅದನ್ನು ಹರಿದು ಒಲೆಯ ಮೇಲಿನ ಎಣ್ಣೆ ಒರೆಸಿದೆ. ಅವರು ಮುಖ ಊದಿಸಿಕೊಂಡು, “ಅಚ್ಚಾಗೋತನಕ ಇನ್ನ ನಿನಗ ತೋರಿಸಂಗಿಲ್ಲ” ಎಂದರು. ಸಂಕ್ರಾಂತಿಯ ಭಾನುವಾರಕ್ಕೆ ಜನ ಬರುವ ಹಾಗೆ ಹಿಂದಿನ ವಾರವೇ ಕಾರ್ಡು ಹಂಚುವುದೆಂದು ಆಗಿತ್ತು. ನನಗೆ ಉದ್ದು ನೆನೆಸುವುದು, ರುಬ್ಬುವುದು, ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುವುದು, ಮೈತುಂಬ ಕೆಲಸ. ಹಾಳಾಗಿ ಹೋಗಲಿ, ಚಿಕ್ಕ ಕಾರ್ಡಿನಲ್ಲಿ ಎಷ್ಟು ತಾನೇ ಕೆಡಿಸಿಯಾರು ಎಂದು ಬಿಟ್ಟುಬಿಟ್ಟೆ. ಆ ವಾರ ಅರಿಶಿನದ ಡಬ್ಬಿ ಇದ್ದಕ್ಕಿದ್ದಂತೆ ಅರ್ಧವಾಗಿತ್ತು. ಕೇಳಿದರೆ “ಏನಿಲ್ಲ ಬಿಡು” ಎಂದರು. ಅಚ್ಚಾದ ಕಾರ್ಡುಗಳನ್ನೂ ಅವರೇ ಸೀದಾ ಡಾರತಿಗೆ ಕೊಟ್ಟುಬಂದರು. ಆಗಲೇ ನನಗೆ ಹೊಳೆಯಬೇಕಿತ್ತು.

ಭಾನುವಾರ ಬಾಗಿಲು ತೆಗೆದರೆ ಬೀದಿಯ ತುದಿಯವರೆಗೆ ಜನ! ಗಂಡ, ಹೆಂಡತಿ, ಮಕ್ಕಳು, ಊರುಗೋಲಿನ ಅಜ್ಜಂದಿರು, ಉದ್ದ ಕೂದಲಿನ ಯೂನಿವರ್ಸಿಟಿ ಹುಡುಗರು. ಹಾಲಪ್ಪನವರು ರೇಷ್ಮೆ ಪಂಚೆಯುಟ್ಟು, ಮೇಲೆ ಕೋಟು ಹಾಕಿ, ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಕೈಮುಗಿದು ಎಳ್ಳುಬೆಲ್ಲ ಕೊಡುತ್ತಿದ್ದರು. ನನಗಂತೂ ಕಣ್ಣು ತುಂಬಿ ಬಂತು. ಅಯ್ಯೋ, ಇಂಥ ಮನುಷ್ಯನನ್ನು ಸುಮ್ಮನೆ ಬೈದೆನಲ್ಲ ಎಂದುಕೊಂಡು, ಕಾವಲಿಯಿಂದ ಕೈ ತೆಗೆಯದೆ ದೋಸೆ ಹೊಯ್ದೆ. ಅವರು ಮೇಜಿನಿಂದ ಮೇಜಿಗೆ ಓಡಾಡಿ, ಬೇಡ ಬೇಡ ಅಂದವರ ತಟ್ಟೆಗೂ ಬಡಿಸಿದರು.

ಮೊದಲ ಪಂಕ್ತಿ ಎದ್ದಿತು. ದೊಡ್ಡ ಟೋಪಿಯ ಒಬ್ಬ ಅಡುಗೆಮನೆಯವರೆಗೂ ಬಂದು ನನ್ನ ಕೈ ಕುಲುಕಿ, “ಎಂಥಾ ಒಳ್ಳೆಯ ಜನ ನೀವು” ಎಂದು ಹೊರಟೇಹೋದ. ಒಬ್ಬ ಅಜ್ಜಿ ಕೆನ್ನೆಗೆ ಮುತ್ತಿಟ್ಟು, “ಊರಿಗೆಲ್ಲ ಊಟ ಹಾಕೋದಂದ್ರೆ ದೊಡ್ಡ ಮನಸ್ಸು, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ” ಎಂದು ಹರಸಿದಳು. ಇನ್ನೊಬ್ಬಾಕೆ, “ಮದುಮಗಳು ಎಲ್ಲಿ?” ಎಂದು ಕೇಳಿದಳು. ಸೌಟು ಕೆಳಗಿಟ್ಟೆ. ಇಣುಕಿ ನೋಡಿದರೆ ಗಲ್ಲಾದ ಹತ್ತಿರ ಒಂದು ನರಪಿಳ್ಳೆಯೂ ಇಲ್ಲ. ಎಲ್ಲರೂ ಬಾಗಿಲಲ್ಲಿ ಹಾಲಪ್ಪನವರಿಗೆ ಕೈ ಕೊಟ್ಟು ಸೀದಾ ಹೊರಗೆ.

ಅಲ್ಲೇ ಇಡ್ಲಿ ತಿನ್ನುತ್ತಿದ್ದ ಡಾರತಿಯನ್ನು ಹಿಡಿದುಕೊಂಡೆ. “ಡಾರತಿ, ಇವರೆಲ್ಲ ದುಡ್ಡು ಕೊಡದೆ ಹೋಗ್ತಿದ್ದಾರಲ್ಲ?”

“ದುಡ್ಡಾ?” ಅವಳಿಗೆ ಆಶ್ಚರ್ಯ. “ಬೇಡ ಅಂತ ನೀವೇ ಬರೆದಿದ್ದೀರಲ್ಲ!” ಎಂದು ಏಪ್ರನ್ನಿನ ಜೇಬಿನಿಂದ ಕಾರ್ಡು ತೆಗೆದುಕೊಟ್ಟಳು. “ಅಂದ ಹಾಗೆ, ಎಲ್ಲ ಕಾರ್ಡಿನ ಮೂಲೆಗೂ ಸಾಸಿವೆ ಗೊಜ್ಜು ಯಾಕೆ ಚೆಲ್ಲಿದೆ?”

ಸಾಸಿವೆಯಲ್ಲ, ಅರಿಶಿನ. ನಾಲ್ಕು ಮೂಲೆಗೂ ಬೆರಳಿನಿಂದ ಹಚ್ಚಿದ ಅರಿಶಿನ. ಕಾರ್ಡು ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

‘ಶ್ರೀ ಬಸವೇಶ್ವರ ಪ್ರಸನ್ನ. ಗುರುಹಿರಿಯರ ಆಶೀರ್ವಾದದಿಂದ ಇದೇ ಭಾನುವಾರ ಮಧ್ಯಾಹ್ನದ ಶುಭಮುಹೂರ್ತದಲ್ಲಿ ಮೈಸೂರು ಕಿಚನ್ನಿನಲ್ಲಿ ಏರ್ಪಡಿಸಿರುವ ಭೋಜನಕ್ಕೆ ತಾವು ಸಕುಟುಂಬ ಸಪರಿವಾರ, ಬಂಧುಮಿತ್ರರೊಡನೆ ಆಗಮಿಸಿ, ನಮ್ಮ ಬಡ ಆತಿಥ್ಯವನ್ನು ಸ್ವೀಕರಿಸಿ ಹರಸಬೇಕಾಗಿ ವಿನಂತಿ. ಏನನ್ನೂ ತರಬೇಡಿ. ತಮ್ಮ ಆಗಮನವೇ ನಮಗೆ ಉಡುಗೊರೆ. ತಮ್ಮ ಸುಖಾಗಮನವನ್ನು ಬಯಸುವ, ವಸಂತಾ – ಹಾಲಪ್ಪ.’

ಇಡ್ಲಿ ಇಲ್ಲ, ದೋಸೆ ಇಲ್ಲ, ಇದು ಹೋಟೆಲು ಎಂಬ ಮಾತೇ ಇಲ್ಲ. ಗಣೇಶನ ಮಾಡು ಅಂದರೆ ಅವರಪ್ಪನ ಮಾಡಿಟ್ಟಿದ್ದರು. ಅವರ ಕೋಟಿನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಬಂದೆ.

“ರೀ! ಇದೇನ್ರೀ ಇದು?”

“ಯಾಕ, ಅಚ್ಚು ಚಲೋ ಬಂದಿಲ್ಲೇನು?”

“ಅಚ್ಚು! ಊರಿಗೆಲ್ಲ ಧರ್ಮದ ಊಟ ಹಾಕ್ತಿದೀವಲ್ರೀ! ಹೋಗಿ, ಉಳಿದವರ ಹತ್ರನಾದ್ರೂ ದುಡ್ಡು ಕೇಳಿ.”

ಅವರು ಕಾರ್ಡನ್ನು ಮತ್ತೆ ಓದಿದರು. ಆಗ ತಲೆಗೆ ಹೋಯಿತೆಂದು ಕಾಣುತ್ತದೆ, ಮುಖ ಸಣ್ಣದಾಯಿತು. ಆದರೂ ತಲೆಯಾಡಿಸಿದರು. “ಕರದು, ಕೈಮುಗಿದು, ಉಣ್ಣಾಕ ಕೂಡಿಸಿ, ಆಮ್ಯಾಲ ರೊಕ್ಕ ಕೇಳ್ಲೇನು? ನಾಲಿಗಿ ಹೆಂಗ ಹೊರಳ್ತೈತಿ ವಸಂತಾ? ನೀನ ಹೋಗಿ ಕೇಳು, ನೋಡೋಣು.”

ಕೇಳಿಯೇ ಬಿಡುತ್ತೇನೆ ಎಂದು ಸೆರಗು ಸಿಕ್ಕಿಸಿ ಹೊರಟೆ. ಮೊದಲ ಮೇಜಿನಲ್ಲಿ ಒಂದು ಮಗು ಮುಖಕ್ಕೆಲ್ಲ ಪಲ್ಯ ಮೆತ್ತಿಕೊಂಡು ಕೂತಿತ್ತು. ಅದರ ತಾಯಿ ನನ್ನನ್ನು ನೋಡಿ ನಕ್ಕಳು. ನನ್ನ ನಾಲಿಗೆಯೂ ಹೊರಳಲಿಲ್ಲ. ಕರೆದು ಕೂರಿಸಿದವರ ತಟ್ಟೆಯ ಮುಂದೆ ಕೈಚಾಚುವುದನ್ನು ನಮ್ಮಮ್ಮ ನನಗೆ ಕಲಿಸಿರಲಿಲ್ಲ. “ಇನ್ನೊಂದು ಇಡ್ಲಿ ಹಾಕ್ಲಾ?” ಎಂದು ಕೇಳಿ ಹಾಕಿ ಬಂದೆ, ಕರ್ಮ.

ಸಂಜೆಗೆ ಎಲ್ಲ ಡಬ್ಬಗಳೂ ತಳ ಕಂಡವು. ಬೇಳೆಕಾಳೆಲ್ಲ ನಮಗೆ ಹ್ಯೂಸ್ಟನ್ನಿನಿಂದ ಬರಬೇಕು. ಅಲ್ಲಿ ಡಾಕ್ಟರ್ ನಾಗರಾಜ್ ಎಂಬವರು ನ್ಯೂಯಾರ್ಕಿನಿಂದ ಮೂಟೆ ತರಿಸಿ ನಮ್ಮಂಥವರಿಗೆ ಹಂಚುತ್ತಿದ್ದರು. ತಿಂಗಳಿಗೊಮ್ಮೆ ಹೋಗಿ ತುಂಬಿಸಿಕೊಂಡು ಬರುತ್ತಿದ್ದೆವು. ಆದರೆ ಆ ಚಳಿಗಾಲ ಪೆಟ್ರೋಲಿಗೆ ಬರ ಬಂದಿತ್ತು, ಬಂಕುಗಳ ಮುಂದೆ ಮೈಲುದ್ದ ಕಾರುಗಳು. ಮತ್ತೆ ಹ್ಯೂಸ್ಟನ್ನಿಗೆ ಡ್ರೈವ್ ಮಾಡುವ ಮಾತೇ ಇರಲಿಲ್ಲ. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು ಎನ್ನುತ್ತಾರೆ. ನಾನು ಒಂದು ಹಿಡಿ ತಿಂದೆ, ಒಳ್ಳೆಯ ಮಾತು ಬರಲಿಲ್ಲ.

“ಡಲ್ಲಾಸಿಗೆ ಹೂಂ ಅಂದ್ಬಿಡಿ,” ಎಂದೆ. “ನನ್ನ ಅಡುಗೆಮನೆಗೆ ನೀವೇ ಕೈಯಾರೆ ಬೀಗ ಹಾಕಿದ್ರಿ. ನಮ್ಮಮ್ಮ, ನಿಮ್ಮಮ್ಮ ಹೊಸ್ತಿಲಿಗೆ ಅಡ್ಡ ನಿಂತ್ರು, ಅಷ್ಟೆ. ನೀವು ಮನೆಯನ್ನೇ ಖಾಲಿ ಮಾಡಿದ್ರಿ.” ಹೇಳಿ, ಖಾಲಿ ಹಿಟ್ಟಿನ ಪಾತ್ರೆ ಮುಂದಿಟ್ಟುಕೊಂಡು ಗೊಳೋ ಎಂದು ಅತ್ತೆ. ಅವರು ಎಲ್ಲ ತಟ್ಟೆ ತೊಳೆದಿಟ್ಟರು.

ಎರಡು ದಿನ ಬಾಗಿಲು ತೆಗೆಯಲಿಲ್ಲ. ಮೂರನೆಯ ದಿನ ತೆಗೆದದ್ದು ಹಟಕ್ಕೆ. ಮಾಡಲು ಏನಿತ್ತು? ಒಂದು ಹಿಡಿ ತೊಗರಿಬೇಳೆ, ಅಕ್ಕಿ, ಮೆಕ್ಸಿಕನ್ನರ ಅಂಗಡಿಯ ಹುಣಸೆ ಮತ್ತು ಜೀರಿಗೆ, ಎಲ್ಲ ಕಡೆ ಸಿಗುವ ಕರಿಮೆಣಸು. ಒಂದು ದೊಡ್ಡ ಪಾತ್ರೆ ಮೆಣಸಿನ ಸಾರು ಕಾಯಿಸಿದೆ. ಸಿಟ್ಟಿನಲ್ಲಿ ಕುಟ್ಟಿದ ಮೆಣಸು, ಕೈ ಸ್ವಲ್ಪ ಧಾರಾಳವಾಗಿಯೇ ಬಿದ್ದಿತ್ತು.

ಜನವರಿಯಲ್ಲಿ ಆಸ್ಟಿನ್ನಿಗೆ ಒಂದು ಪೀಡೆ ಇದೆ. ಸುತ್ತಲ ಗುಡ್ಡಗಳ ಸೀಡರ್ ಮರಗಳು ಹೂಪುಡಿ ಉದುರಿಸುತ್ತವೆ. ಗಾಳಿಗೆ ಅದು ಊರೆಲ್ಲ ಹರಡಿ, ಊರಿಗೆ ಊರೇ ಮೂಗು ಕಟ್ಟಿಕೊಂಡು ಕಣ್ಣುಜ್ಜುತ್ತ ಕೂರುತ್ತದೆ. ಡಾರತಿ ಬಂದಾಗ ಅವಳ ಮೂಗು ಟೊಮೇಟೊ ಆಗಿತ್ತು. “ರಾತ್ರಿಯೆಲ್ಲ ಬಾಯಲ್ಲೇ ಉಸಿರಾಡಿದೆ. ಬಿಸಿಯಾಗಿ ಏನಾದರೂ ಇದೆಯಾ?” ಎಂದಳು. ಲೋಟದಲ್ಲಿ ಸಾರು ಕೊಟ್ಟೆ. ನೆಗಡಿಯಾದವರಿಗೆ ನಮ್ಮ ಮನೆಯಲ್ಲಿ ಕೊಡುವುದು ಇನ್ನೇನು? ಎರಡು ಗುಟುಕಿಗೆ ಅವಳ ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಸತ್ತಳೇ ಇವಳು ಎಂದು ನಾನು ಗಾಬರಿಯಾದೆ. ಅವಳು ಲೋಟ ಕೆಳಗಿಟ್ಟು, ಮೂಗಿನಿಂದ ಉದ್ದಕ್ಕೆ ಉಸಿರೆಳೆದು, “ಓ ದೇವರೇ, ಉಸಿರಾಡ್ತಿದೀನಿ!” ಎಂದು ಕೂಗಿದಳು.

ಲೋಟವನ್ನು ಮತ್ತೆ ಎತ್ತಿಕೊಂಡು ತನ್ನ ಲಾಂಡ್ರಿಗೆ ಓಡಿದಳು. ಅವಳ ಗಂಟಲು ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು. “ಮೂಗು ಕಟ್ಟಿದವರೆಲ್ಲ ಪಕ್ಕಕ್ಕೆ ಹೋಗಿ! ಅವಳ ಹತ್ತಿರ ಕರಿಮೆಣಸಿನ ಸಾರಿದೆ. ಅಳು ಬರುತ್ತೆ, ಆಮೇಲೆ ತಲೆ ಹಗುರಾಗುತ್ತೆ!”

ಬಟ್ಟೆ ಒಣಗುವವರೆಗೆ ಮಾಡಲು ಕೆಲಸವಿಲ್ಲದವರು ಬಂದರು. ಕುಡಿದರು, ಅತ್ತರು, ಇನ್ನೊಂದು ಲೋಟ ಕೇಳಿದರು. ಈ ಸಲ ಯಾರೂ ಆಮಂತ್ರಣ ಓದಿ ಬಂದವರಲ್ಲವಾದ್ದರಿಂದ ಗಲ್ಲಾದ ಮುಂದೆ ನಿಂತು ಬೆಲೆ ಕೇಳಿದರು. ನನ್ನ ನಾಲಿಗೆಯೂ ಸಲೀಸಾಗಿ ಹೊರಳಿತು. ಮಧ್ಯಾಹ್ನವೇ ಕರಿಹಲಗೆಯೊಂದನ್ನು ಬಾಗಿಲಿಗೆ ಒರಗಿಸಿ, ಡಾರತಿಯ ಬಾಯಿಂದ ಬಂದ ಮಾತನ್ನೇ ಬರೆದಿಟ್ಟೆ: ‘ಸೀಡರಿನಿಂದ ಮೂಗು ಕಟ್ಟಿದೆಯೇ? ಮೆಣಸಿನ ಸಾರು ಕುಡಿಯಿರಿ. ಅಳು ಬರುತ್ತದೆ, ಆಮೇಲೆ ತಲೆ ಹಗುರಾಗುತ್ತದೆ.’

ಸಂಜೆ ಹಾಲಪ್ಪನವರು ಆಫೀಸಿನಿಂದ ಬಂದು ಹಲಗೆ ಓದಿ ಹಣೆ ಚಚ್ಚಿಕೊಂಡರು. “ಏನ್ ವಸಂತಾ ಇದು? ಉಣ್ಣೋ ಜಾಗಾದ ಮುಂದ ಮೂಗಿನ ಸುದ್ದಿ ಬರದೀಯಲ್ಲ! ಬಂದವರು ಓದ್ತಾರ.”

“ಓದ್ತಾರೆ, ಓದಿ ಒಳಗೂ ಬರ್ತಾರೆ. ನೀವು ಸುಮ್ನೆ ಲೋಟ ತೊಳೀರಿ.”

“ಅಳು ಬರ್ತೈತಿ ಅಂತ ಯಾರರ ಹೋಟೆಲ್ ಬೋರ್ಡಿನ್ಯಾಗ ಬರೀತಾರೇನು? ಶುಭ ನುಡಿಯೋ ಹಕ್ಕಿ ಅಂದ್ರ…”

“ರೀ, ಲೋಟ!”

ಒಂದು ವಾರ ಸಾರು, ಅನ್ನ ಬಿಟ್ಟು ಇನ್ನೇನೂ ಇರಲಿಲ್ಲ. ಆದರೂ ಮೇಜು ಖಾಲಿ ಬೀಳಲಿಲ್ಲ. ಸಂಕ್ರಾಂತಿಯ ದಿನ ಉಂಡು ಹೋದ ಟೋಪಿಯವನು ತನ್ನ ಅಣ್ಣತಮ್ಮಂದಿರನ್ನೆಲ್ಲ ಕರೆತಂದ. ಕೂರುವ ಮೊದಲೇ, “ಅಮ್ಮಾ, ಇವತ್ತು ದುಡ್ಡು ತಗೋತೀಯೋ ಇಲ್ಲವೋ? ಇಲ್ಲದಿದ್ದರೆ ನಾವು ಕೂರೋದಿಲ್ಲ” ಎಂದು ನಿಂತೇ ಕೇಳಿದ. ಮುತ್ತಿಟ್ಟ ಅಜ್ಜಿಯೂ ಬಂದಳು. ಪೆಟ್ರೋಲು ಸಿಕ್ಕ ದಿನ ಹ್ಯೂಸ್ಟನ್ನಿಗೆ ಹೋಗಿ ಬೇಳೆ ತಂದೆವು, ದೋಸೆ ಮತ್ತೆ ಶುರುವಾಯಿತು. ಹೋಟೆಲು ನಿಂತಿತ್ತು. ಗೋಡೆ ಹಿಡಿದುಕೊಂಡಾದರೂ ತನ್ನ ಕಾಲ ಮೇಲೇ ನಿಂತಿತ್ತು.

ಜನವರಿಯ ಕೊನೆಯ ವಾರ ಹೊಸ ಕಾರ್ಡು ಹೊಡೆಸಬೇಕೆಂದು ಡಾರತಿ ಬೆನ್ನುಬಿದ್ದಳು. ಈ ಸಲ ಬರೆದವಳು ನಾನು. ಮೂಗಿನ ಮಾತು, ಸಾರಿನ ಮಾತು, ದೋಸೆ, ಲಾಂಡ್ರಿಯ ಪಕ್ಕ, ಹನ್ನೊಂದರಿಂದ ಎಂಟು. ಬರೆದು ಹಾಲಪ್ಪನವರ ಮುಂದಿಟ್ಟು, “ಸ್ಪೆಲಿಂಗ್ ನೋಡಿ ಸಾಕು, ಒಂದಕ್ಷರ ಸೇರಿಸಿದ್ರೆ ನೋಡಿ ಮತ್ತೆ” ಎಂದೆ.

ಓದಿದರು. ಇನ್ನೊಮ್ಮೆ ಓದಿದರು. ಕಾಗದದ ಕೆಳತುದಿಯನ್ನು ಹೆಬ್ಬೆರಳಿನಿಂದ ಸವರಿ, “ನಮ್ಮ ಹೆಸರು?” ಎಂದರು.

“ಯಾಕ್ರೀ ಹೆಸರು? ಜನಕ್ಕೆ ಬೇಕಾಗಿರೋದು ಸಾರು. ಮಾಡಿದವಳ ಹೆಸರು, ಅವಳ ಗಂಡನ ಹೆಸರು ಕಟ್ಟಿಕೊಂಡು ಅವರಿಗೇನು?”

“ಅಲ್ಲ… ಇರ್ಲಿ ಬಿಡು.”

“ಬಾಯಿಬಿಟ್ಟು ಹೇಳ್ರೀ! ಎರಡು ಪುಟ ಋಷಿಮುನಿಗಳನ್ನ ಬರೆಯೋಕೆ ಬರುತ್ತೆ, ಇದಕ್ಕೆ ಮಾತು ಬರಲ್ವಾ?”

ಅವರು ನನ್ನ ಕಡೆ ನೋಡಲಿಲ್ಲ. “ಅಪ್ಪಾರ ಪ್ರೆಸ್ಸಿನ್ಯಾಗ ಅರ್ಧ ಹಾವೇರಿ ಲಗ್ನಪತ್ರಿಕಿಗೆ ನಾನ ಅಚ್ಚಿನ ಮೊಳಿ ಜೋಡಿಸೀನಿ ವಸಂತಾ. ಸಾಲಿಯಿಂದ ಬಂದ ಕೂಡ್ಲೆ ಅದ ಕೆಲಸ. ಗಂಡಿನ ಹೆಸರು, ಹೆಣ್ಣಿನ ಹೆಸರು, ಬಾಜೂಕ ಬಾಜೂಕ ಇಡೋದು. ಒಂದಿನ ನಂದೂ ಹಿಂಗ ಜೋಡಿಸ್ತೀನಿ ಅಂತ ತಿಳ್ಕೊಂಡಿದ್ದೆ. ನಮ್ಮ ಲಗ್ನಕ್ಕ ಅಪ್ಪಾರು ಪ್ರೆಸ್ಸಿನ ಬಾಗಿಲಾನ ತಗೀಲಿಲ್ಲ. ರಿಜಿಸ್ಟ್ರಾರ್ ಆಫೀಸಿನ್ಯಾಗ ಸಾಕ್ಷಿ ಹಾಕಾಕ ಮಂದಿ ಸಿಗದ, ಹೊರಗ ನಿಂತ ಟಾಂಗಾದವನ್ನ ಕರಕೊಂಡು ಬಂದ್ವಿ, ನೆನಪೈತಲ್ಲ? ಒಬ್ಬರನ್ನೂ ಕರೀಲಿಲ್ಲ, ಒಬ್ಬರಿಗೂ ಒಂದು ತುತ್ತು ಹಾಕ್ಲಿಲ್ಲ. ನಿನ್ನ ಹೆಸರು ನನ್ನ ಹೆಸರು ಒಂದ ಹಾಳಿ ಮ್ಯಾಲ ಅಚ್ಚಾಗಿದ್ದು ಮೊನ್ನೇನ ಮೊದಲು.”

ಅಷ್ಟು ಹೊತ್ತಿಗೆ ಎಂಟು ವರ್ಷ ಸಂಸಾರ ಮಾಡಿದ್ದೆ. ಈ ಮನುಷ್ಯ ಇದನ್ನು ಒಂದು ಸಾರಿಯೂ ಹೇಳಿರಲಿಲ್ಲ. ನೂರಾರು ಕಾರ್ಡುಗಳ ನಾಲ್ಕು ನಾಲ್ಕು ಮೂಲೆಗೆ ಒಬ್ಬರೇ ಕೂತು ಅರಿಶಿನ ಹಚ್ಚಿದ್ದಾರೆ, ಆಗಲಾದರೂ ಬಾಯಿ ಬಿಡಬಾರದಿತ್ತೇ? ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳುವೂ ಬಂತು. ಮೆಣಸು ಹುರಿಯುತ್ತಿದ್ದೆನಾದ್ದರಿಂದ ಅದರ ಘಾಟು ಎಂದುಕೊಂಡಿರಬೇಕು ಅವರು, ಎದ್ದು ಹೋಗಿ ಕಿಟಕಿ ತೆಗೆದರು. ತೆಗೆಯುತ್ತ, ಡಲ್ಲಾಸಿನವರಿಗೆ ಬೆಳಿಗ್ಗೆಯೇ ಫೋನು ಮಾಡಿ ಆಗುವುದಿಲ್ಲ ಎಂದುಬಿಟ್ಟೆ ಎಂದರು. ಅದನ್ನೂ ಆಗ ಹೇಳಿದ್ದು, ಪುಣ್ಯಾತ್ಮ.

ಕಾರ್ಡು ಅಚ್ಚಾಗಿ ಬಂತು. ಮೇಲಿನ ಮೂರು ಸಾಲು ನಾನು ಬರೆದ ಹಾಗೆಯೇ. ಕೆಳಗೆ ದಪ್ಪಕ್ಷರದಲ್ಲಿ, ‘ತಮ್ಮ ಸುಖಾಗಮನವನ್ನು ಬಯಸುವ, ವಸಂತಾ – ಹಾಲಪ್ಪ.’ ಅದನ್ನು ಸೇರಿಸಿದವಳು ನಾನೇ. ಉಡುಗೊರೆಯ ಸಾಲನ್ನು ಮಾತ್ರ ಅಪ್ಪಿತಪ್ಪಿಯೂ ಹತ್ತಿರ ಸುಳಿಯಗೊಡಲಿಲ್ಲ.

ಡಾರತಿಗೆ ಕೊಡುವ ಮುಂಚೆ ಎರಡು ಕಾರ್ಡು ತೆಗೆದಿಟ್ಟುಕೊಂಡೆ. ಅವುಗಳ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ. ಒಂದರ ಮೇಲೆ ಹಾವೇರಿಯ ಪ್ರೆಸ್ಸಿನ ವಿಳಾಸ, ಇನ್ನೊಂದರ ಮೇಲೆ ಮೈಸೂರಿನ ನಮ್ಮ ಮನೆಯ ವಿಳಾಸ ಬರೆದೆ. ಆ ಎರಡರ ಬೆನ್ನಿಗೆ ಮಾತ್ರ ಕನ್ನಡದಲ್ಲಿ, ನನ್ನ ಕೈಯಿಂದಲೇ ಹೀಗೆ ಸೇರಿಸಿದೆ: ‘ಏನನ್ನೂ ತರಬೇಡಿ. ಅಡುಗೆಮನೆಯವರೆಗೂ ಬನ್ನಿ. ತಮ್ಮ ಆಗಮನವೇ ನಮಗೆ ಉಡುಗೊರೆ.’

ಸ್ಟಾಂಪು ಹಚ್ಚಿ ಡಬ್ಬಕ್ಕೆ ಹಾಕಿ ಬನ್ನಿ ಎಂದು ಅವರ ಕೈಗೆ ಕೊಟ್ಟೆ. ಬಾಗಿಲಲ್ಲೇ ನಿಂತು ಎರಡನ್ನೂ ಓದಿದರು. ಮೂಗೊರೆಸಿಕೊಂಡು, “ಈ ಸೀಡರ್ ಒಂದು” ಎಂದರು. ಆಮೇಲೆ ಸ್ಟಾಂಪನ್ನು ತಲೆಕೆಳಗಾಗಿ ಹಚ್ಚಿದರು.